ಸೊಟ್ಟ ಕೋಣೆಯ ಐದು ಸ್ಪೀಕರುಗಳು

ನಮ್ಮ ಭಾವ ಬಹಳ ಸಾಧು ಮನುಷ್ಯ. ಜೀವನದಲ್ಲಿ ಯಾರ ಜೊತೆಗೂ ಜಗಳವಾಡಿದವರಲ್ಲ, ಒಂದು ಗೋಡೆಯ ಹೊರತು. ಗೋಡೆಯ ಜೊತೆ ಯಾರಾದರೂ ಜಗಳವಾಡುತ್ತಾರೆಯೇ ಎಂದು ಕೇಳಬೇಡಿ. ಆ ಚಳಿಗಾಲವೆಲ್ಲ ನಾನು ಕೆಲಸದ ಮೇಲೆ ದೆಹಲಿಗೆ ಬಂದು ಮಯೂರ್ ವಿಹಾರದ ಅವರ ಫ್ಲಾಟಿನಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ! ಬೆಳಗ್ಗೆ ಹಲ್ಲುಜ್ಜುತ್ತಾ ಅದರ ಮುಂದೆ ನಿಂತು ದುರುಗುಟ್ಟುತ್ತಿದ್ದರು. ಸಂಜೆ ಬಂದವರೇ ಶೂ ಬಿಚ್ಚುವ ಮೊದಲು ಅದನ್ನು ತಟ್ಟಿ, ಕಿವಿಯಿಟ್ಟು, "ಇವತ್ತೂ ಸೊಟ್ಟಾನೇ ಇದೆ," ಎನ್ನುತ್ತಿದ್ದರು. ತಾವು ಕೆಲಸಕ್ಕೆ ಹೋದಾಗ ಅದು ನೆಟ್ಟಗಾಗಿರಬಹುದು ಎಂಬ ಆಸೆ ಇತ್ತೇನೋ.

ಕೋಣೆ ಸೊಟ್ಟಗಿದ್ದದ್ದು ನಿಜವೇ. ಸೊಸೈಟಿಯ ಮೂಲೆ ಫ್ಲಾಟು ಅದು. ರಸ್ತೆ ತಿರುಗಿದ ಕಡೆ ಗೋಡೆಯೂ ತಿರುಗಿತ್ತು. ಹಿಂದಿನ ಮಾಲೀಕ ಬಾಲ್ಕನಿಯನ್ನು ಒಳಗೆ ಸೇರಿಸಿಕೊಳ್ಳುವ ಆಸೆಗೆ ನಡುವಿನ ಗೋಡೆ ಒಡೆಸಿ, ಕಂಬ ಒಡೆಯಲು ಮಾತ್ರ ಧೈರ್ಯ ಸಾಲದೆ ಬಿಟ್ಟಿದ್ದ. ಯಾರೋ ಒಂದು ತುದಿ ಕಚ್ಚಿ ಇಟ್ಟ ಸಮೋಸಾದ ಆಕಾರ, ಅದರ ನಡುವೆ ಒಂದು ಕಂಬ. ಟಿವಿ ಮತ್ತು ಸೋಫಾ ಎಡಗಡೆ. ಬಲತುದಿಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ನನ್ನ ಅಕ್ಕನ ಬೆತ್ತದ ಸ್ಟೂಲು. ಬಟಾಣಿ ಬಿಡಿಸುವುದು, ಟಿವಿ ನೋಡುವುದು ಎಲ್ಲವೂ ಅವಳಿಗೆ ಅದರ ಮೇಲೆಯೇ. ಒಲೆಯ ಮೇಲಿನ ಕುಕ್ಕರು ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಅವಳ ಷರತ್ತು.

ತಿಂಗಳಿಗೊಂದು ಭಾನುವಾರ ಆ ಸಮೋಸಾದೊಳಗೆ ಹತ್ತು ಹನ್ನೆರಡು ಕನ್ನಡಿಗರು ತುಂಬಿಕೊಳ್ಳುತ್ತಿದ್ದರು. ಊರಿಗೆ ಹೋಗಿ ಬಂದವರು ಒಂದು ಕನ್ನಡ ಸಿನಿಮಾದ ಸಿಡಿ ತರಬೇಕು, ಉಳಿದವರು ತಿಂಡಿ ತರಬೇಕು ಎಂಬುದು ಪದ್ಧತಿ. ಘಾಜಿಯಾಬಾದಿನ ದಂಪತಿಗಳು ಎರಡು ಬಸ್ಸು ಬದಲಿಸಿ ಚಿತ್ರಾನ್ನ ಹೊತ್ತು ತರುತ್ತಿದ್ದರು. ಇಷ್ಟೆಲ್ಲ ಜನರನ್ನು ಕರೆದವಳು ಅಕ್ಕ. ಸಿನಿಮಾ ಶುರುವಾದ ಇಪ್ಪತ್ತು ನಿಮಿಷಕ್ಕೆ ಎದ್ದು ಅಡುಗೆಮನೆ ಸೇರುತ್ತಿದ್ದವಳೂ ಅವಳೇ. ಮೊದಲು ಹಾಗಿರಲಿಲ್ಲ. ಊರಿನಲ್ಲಿದ್ದಾಗ ಕೊನೆಯ ಹೆಸರುಪಟ್ಟಿ ಮುಗಿಯುವವರೆಗೆ ಥಿಯೇಟರಿನಿಂದ ಏಳದವಳು ಅವಳು.

ಅಂಥ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಭಾವ ನನ್ನ ಮುಂದೆ ಶಪಥ ಮಾಡಿದರು. "ನಿಮ್ಮಕ್ಕ ಒಂದು ಸಿನಿಮಾನ ಪೂರ್ತಿ ಕೂತು ನೋಡಬೇಕು. ಅಲ್ಲೇ, ಆ ಸ್ಟೂಲ್ ಮೇಲೆ. ಅಷ್ಟು ಮಾಡ್ತೀನಿ."

"ಅವಳಿಗೆ ಇಷ್ಟ ಇಲ್ಲ ಅಂದ್ರೆ ಬಿಡಿ ಭಾವ."

"ಇಷ್ಟ ಇದೆ. ಕೋಣೆ ಸರಿ ಇಲ್ಲ," ಎಂದು ಎದ್ದು ಕಂಬದ ಸುತ್ತ ನಡೆಯತೊಡಗಿದರು.

ಭಾವ ಕೂತದ್ದನ್ನು ನೋಡಿದವರೇ ಕಡಿಮೆ ಎನ್ನಿ. ಮಾನೇಸರಿನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವರು ತಪಾಸಣೆಯವರು. ದಿನವಿಡೀ ಸಾಲುಸಾಲು ಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಚೀಟಿ, ಅನುಮಾನವಿದ್ದರೆ ಹಳದಿ, ಸರಿಯಿದ್ದರೆ ಹಸಿರು ಅಂಟಿಸುವುದು ಕೆಲಸ. ಹಸಿರು ಚೀಟಿಯ ವಿಷಯದಲ್ಲಿ ಅವರಷ್ಟು ಜಿಪುಣರು ಇಡೀ ಹರಿಯಾಣದಲ್ಲಿ ಇರಲಿಕ್ಕಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಏನನ್ನಾದರೂ ಸರಿಮಾಡಿ ಬರುತ್ತಿದ್ದರು.

ಮುಂದಿನ ಶನಿವಾರ ನಾವು ಕೆಂಪುಕೋಟೆ ಎದುರಿನ ಎಲೆಕ್ಟ್ರಾನಿಕ್ಸ್ ಬಜಾರಿನಲ್ಲಿದ್ದೆವು. ಆಗ ಹೋಮ್ ಥಿಯೇಟರಿನ ಹುಚ್ಚು ಹಿಡಿದಿದ್ದ ಕಾಲ. ಪ್ರತಿ ಅಂಗಡಿಯಲ್ಲೂ ಸುತ್ತ ಇಟ್ಟ ಸ್ಪೀಕರುಗಳ ಸದ್ದಿನಲ್ಲೇ ಒಂದೊಂದು ಹೆಲಿಕಾಪ್ಟರು ನಮ್ಮ ತಲೆಯ ಸುತ್ತ ಹಾರಿಸಿ ತೋರಿಸುತ್ತಿದ್ದರು. ಬೇರೆ ಗಿರಾಕಿಗಳು ಬಾಯಿಬಿಟ್ಟು ಕೇಳುತ್ತಿದ್ದರೆ ನಮ್ಮ ಭಾವ ಮಾಡುತ್ತಿದ್ದುದೇನು? ಜೇಬಿನಿಂದ ಹತ್ತಿಯ ಉಂಡೆ ತೆಗೆದು ಎಡಗಿವಿಗೆ ತುರುಕಿ, ಟಿವಿಗೆ ಓರೆಯಾಗಿ ಕೂತು, ಕಣ್ಣು ಮುಚ್ಚುತ್ತಿದ್ದರು. ನಾನು ಅಪರಿಚಿತಳಂತೆ ಪಕ್ಕದ ಅಂಗಡಿಯ ಮಿಕ್ಸಿಗಳನ್ನು ನೋಡುತ್ತಿದ್ದೆ.

ಮೂರನೆಯ ಅಂಗಡಿಯ ಭಯ್ಯಾ ತಡೆಯಲಾರದೆ, "ಸಾಬ್, ದೂಸ್ರಾ ಕಾನ್ ಭೀ ಖೋಲಿಯೇ, ಉಸ್ಕಾ ಅಲಗ್ ಸೇ ನಹೀಂ ಲಗೇಗಾ," ಎಂದ. ಇನ್ನೊಂದು ಕಿವಿಯನ್ನೂ ತೆರೆಯಿರಿ, ಅದಕ್ಕೆ ಬೇರೆ ದುಡ್ಡಿಲ್ಲ ಎಂದು! ಅಂಗಡಿಯವರೆಲ್ಲ ನಕ್ಕರು. ಭಾವ ನಗಲಿಲ್ಲ. "ಹೆಲಿಕಾಪ್ಟರ್ ಬೇಡ, ಮಾತು ಕೇಳಿಸು. ಇಬ್ಬರು ಪಿಸುಗುಟ್ಟಿ ಮಾತಾಡೋದು ಇದ್ದರೆ ಹಾಕು," ಎಂದು ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು. ಪಿಸುಮಾತು ಕೇಳಿ ಸ್ಪೀಕರು ಕೊಂಡ ಗಿರಾಕಿಯನ್ನು ಆ ಬಜಾರು ಅಂದೇ ಮೊದಲು ಕಂಡಿರಬೇಕು.

ಹೀಗೆ ಐದು ಸ್ಪೀಕರುಗಳೂ ಗುಂಗುಂ ಸದ್ದಿಗೆಂದೇ ಇರುವ ಪೆಟ್ಟಿಗೆಯಂಥ ಒಂದು ಗುಮ್ಮನೂ ಮನೆಗೆ ಬಂದವು. ಅಲ್ಲಿಂದ ನಮ್ಮ ನೆಮ್ಮದಿ ಹೋಯಿತು. ಸ್ಪೀಕರು ಫ್ರಿಜ್ಜಿನ ಮೇಲೆ ಏರಿತು, ಇಳಿಯಿತು. ಕಂಬಕ್ಕೆ ಕಟ್ಟಿಸಿಕೊಂಡಿತು, ಬಿಚ್ಚಿಸಿಕೊಂಡಿತು. ಪ್ರತಿ ಸಲವೂ ಭಾವ ಓಡಿ ಬಂದು ಅಕ್ಕನ ಸ್ಟೂಲಿನ ಮೇಲೆ ಕೂತು, ಹತ್ತಿ ತುರುಕಿ, ಕೇಳಿ, ತಲೆಯಾಡಿಸಿ, ಆ ಜಾಗಕ್ಕೊಂದು ಕೆಂಪು ಚೀಟಿ ಅಂಟಿಸುತ್ತಿದ್ದರು. ಹತ್ತು ದಿನದಲ್ಲಿ ಗೋಡೆಗೆ ದಡಾರ ಎದ್ದಂತಾಯಿತು. ಅವರ ಎಂಟು ವರ್ಷದ ಮಗಳು, "ಪಾಪಾ, ಯೇ ಸ್ಪೀಕರ್ ನನ್ನ ಹೋಮ್‌ವರ್ಕ್ ಮೇಲೆ ಕೂತಿದೆ," ಎಂದು ಅಳುತ್ತಿದ್ದಳು. ಕೆಳಗಿನ ಮನೆಯ ಆಂಟಿ ಮೇಲೆ ಬಂದು, "ಘೋಡೇ ಪಾಲ್ ರಖೇ ಹೈಂ ಕ್ಯಾ?" ಎಂದು ವಿಚಾರಿಸಿದರು. ಕುದುರೆ ಸಾಕಿದ್ದರೆ ಅದಾದರೂ ನಿಂತೇ ನಿದ್ದೆ ಮಾಡುತ್ತಿತ್ತು.

ಕೊನೆಗೊಂದು ದಿನ ಭಾವ ನಡುವಿನ ಸ್ಪೀಕರಿಗೆ ಕೈ ಹಾಕಿದರು. ಸಿನಿಮಾದ ಮಾತೆಲ್ಲ ಅದರಲ್ಲೇ ಬರುವುದು. ಅದನ್ನು ಟಿವಿಯ ಕೆಳಗೇ ಇಡಬೇಕು ಎಂದು ಅಂಗಡಿಯವನು ಆಣೆ ಹಾಕಿಸುವಷ್ಟು ಸಲ ಹೇಳಿದ್ದ. ಇವರು ಅದನ್ನು ಎಳೆದು ತಂದು ಅಡುಗೆಮನೆಯ ಬಾಗಿಲ ಬಲಕ್ಕೆ, ದೇವರ ಹಲಗೆಯ ಮೇಲೆ ಇಟ್ಟರು. ನಾಯಕ ಟಿವಿಯಲ್ಲಿ, ಅವನ ಧ್ವನಿ ಗಣಪತಿಯ ಪಕ್ಕದಲ್ಲಿ!

ಅಕ್ಕ ಕೆಂಡವಾದಳು. "ರೀ, ದೇವರ ತಲೆ ಮೇಲೂ ನಿಮ್ಮ ಡಬ್ಬ ಇಡ್ತೀರಾ? ಮೊದಲು ತೆಗೀರಿ. ಯಾರಿಗೆ ಬೇಕು ನಿಮ್ಮ ಸಿನಿಮಾ? ನಾನಂತೂ ಕೂರಲ್ಲ."

ಭಾವ ಸ್ಪೀಕರು ತೆಗೆದರು. ಆದರೆ ಆ ಜಾಗಕ್ಕೆ ಕೆಂಪು ಚೀಟಿ ಅಂಟಿಸಲಿಲ್ಲ. ಹಳದಿ ಅಂಟಿಸಿದರು.

ಮರುದಿನ ಅಕ್ಕ ಮಗಳೊಂದಿಗೆ ತರಕಾರಿಗೆ ಹೋದಾಗ ನಾನು ಬುದ್ಧಿ ಹೇಳಲು ಹೊರಟೆ. "ಭಾವ, ಇಷ್ಟೆಲ್ಲ ಯಾಕೆ? ಆ ಸ್ಟೂಲನ್ನ ಈ ಕಡೆ ಹಾಕಿದರೆ ಮುಗೀತಲ್ಲ?"

"ಜಾಗ ಬದಲಿಸು ಅಂದರೆ ಯಾಕೆ ಅಂತ ಕೇಳ್ತಾಳೆ."

"ಕೇಳಲಿ, ಹೇಳಿ."

ಭಾವ ಕಂಬಕ್ಕೆ ಒರಗಿ, ಕೈಯಲ್ಲಿದ್ದ ಚೀಟಿಗಳ ಕಟ್ಟನ್ನು ತಿರುಗಿಸಿದರು. "ದೀಪಾವಳಿಯಿಂದ ಮೂರು ಸಲ ಬೇಳೆ ಸೀದಿದೆ, ನೋಡಿದೀಯಲ್ಲ? ಕುಕ್ಕರ್ ಕೂಗೋದು ಅವಳಿಗೆ ಕೇಳಲ್ಲ. ಅದಕ್ಕೇ ಕಾಣೋ ಜಾಗದಲ್ಲಿ ಕೂರ್ತಾಳೆ. ಎಡಗಡೆಯಿಂದ ಕರೆದರೆ ತಿರುಗಲ್ಲ. ಸಿನಿಮಾದಲ್ಲಿ ಎಲ್ಲರೂ ನಕ್ಕ ಮೇಲೆ ಅವರ ಮುಖ ನೋಡಿ ನಗ್ತಾಳೆ. ಒಂದ್ಸಲ, ಡಾಕ್ಟರಿಗೆ ತೋರಿಸೋಣ್ವಾ ಅಂದೆ. ಎರಡು ದಿನ ಮಾತಾಡಲಿಲ್ಲ. ನಿಮ್ಮಜ್ಜಿಗೆ ಕಿವಿ ಹೋದ ಮೇಲೆ ಮನೆಯಲ್ಲಿ ಎಲ್ಲರೂ ಅವರನ್ನ ಬಿಟ್ಟೇ ಮಾತಾಡ್ತಿದ್ರಂತಲ್ಲ, ಆ ಭಯ ಅವಳಿಗೆ. ಅದಕ್ಕೇ ಕೋಣೆ ಸೊಟ್ಟ ಅಂದೆ. ಕೋಣೆಗೇನು, ಬೇಜಾರಾಗಲ್ಲ."

ನಾಲ್ಕು ತಿಂಗಳು ಅದೇ ಮನೆಯಲ್ಲಿ ಉಂಡು, ಬೇಳೆ ಸೀದಾಗ ಮೂಗು ಮುರಿದು, ಭಾವನ ಹತ್ತಿಯುಂಡೆಯ ಕಥೆಯನ್ನು ಆಫೀಸಿನಲ್ಲೆಲ್ಲ ಹೇಳಿ ನಗಿಸಿದ್ದೆ. ಸ್ವಂತ ಅಕ್ಕನ ಕಿವಿ ನನಗೆ ಗೊತ್ತಾಗಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಂದು ಸಂಜೆ ನಾನೇ ಗಣಪತಿಯನ್ನೂ ದೀಪವನ್ನೂ ಒಂದು ಗೇಣು ಆಚೆ ಸರಿಸಿ, ಸ್ಪೀಕರಿಗೆ ಜಾಗ ಮಾಡಿದೆ. "ದೇವರೂ ನಮ್ಮ ಜೊತೆ ಸಿನಿಮಾ ನೋಡಲಿ ಬಿಡೇ," ಎಂದು, ಅವಳ ಬಲಗಡೆ ನಿಂತು ಹೇಳಿದೆ. ಅಕ್ಕ ನನ್ನನ್ನು ಒಂದು ಕ್ಷಣ ನೋಡಿ, ದೀಪವನ್ನು ತಾನೇ ಇನ್ನೊಂದಿಷ್ಟು ಸರಿಸಿದಳು.

ಭಾನುವಾರ ಜನ ಸೇರಿದರು. ನಾಯಕನ ಮಾತು ದೇವರ ಹಲಗೆಯಿಂದ ಬರುವುದನ್ನು ಕೇಳಿ ಘಾಜಿಯಾಬಾದಿನವರು, "ಇದೇನ್ರೀ, ಆಕಾಶವಾಣಿ?" ಎಂದು ತಮಾಷೆ ಮಾಡಿದರು. ಇಪ್ಪತ್ತು ನಿಮಿಷವಾಯಿತು. ಅಕ್ಕ ಏಳಲಿಲ್ಲ. ಅರ್ಧ ಗಂಟೆಯಾಯಿತು. ಪೆದ್ದ ಅಳಿಯನೊಬ್ಬ ಮಾವನ ಕಿವಿಯಲ್ಲಿ ಏನೋ ಪಿಸುಗುಟ್ಟುವ ದೃಶ್ಯ ಬಂತು. ಚಿತ್ರಾನ್ನದ ಗದ್ದಲದಲ್ಲಿ ನಮಗಾರಿಗೂ ಅದು ಸರಿಯಾಗಿ ಕೇಳಲಿಲ್ಲ. ಬಲತುದಿಯಲ್ಲಿ ಅಕ್ಕ ಒಬ್ಬಳೇ ಜೋರಾಗಿ ನಕ್ಕಳು. ಅವಳ ಮುಖ ನೋಡಿ ನಾವೆಲ್ಲ ಆಮೇಲೆ ನಕ್ಕೆವು. ಕಂಬದ ಬಳಿ ನಿಂತಿದ್ದ ಭಾವ ಟಿವಿಯನ್ನು ನೋಡುತ್ತಲೇ ಇರಲಿಲ್ಲ.

ಎಲ್ಲರೂ ಹೋದ ಮೇಲೂ ಅಕ್ಕ ಸ್ಟೂಲಿನಿಂದ ಏಳಲಿಲ್ಲ. ಭಾವ ಆಗಲೇ ಸ್ಕ್ರೂಡ್ರೈವರ್ ಹಿಡಿದು ಹಲಗೆಯ ಕಡೆ ಹೊರಟಿದ್ದರು.

"ಇನ್ನು ಅದನ್ನ ಮುಟ್ಟಬೇಡಿ," ಎಂದಳು ಅಕ್ಕ. "ನಾಳೆ ರಜಾ ಹಾಕಿ. ಆ ಕಿವಿ ಡಾಕ್ಟರ ಹತ್ತಿರ ಹೋಗಿಬರೋಣ. ಕೋಣೆ ಸೊಟ್ಟ, ಕೋಣೆ ಸೊಟ್ಟ ಅಂತ ಎಷ್ಟು ದಿನ ಅಂತ ಹೇಳ್ತೀರಿ?"

ಭಾವ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಜೇಬಿನಿಂದ ಚೀಟಿಯ ಕಟ್ಟು ತೆಗೆದು, ಸ್ವಲ್ಪ ಹುಡುಕಿ, ಗಣಪತಿಯ ಪಕ್ಕದ ಹಳದಿಯ ಮೇಲೆ ಹಸಿರು ಅಂಟಿಸಿದರು. ಆಮೇಲೆ ಕೂತರು. ಸೋಫಾದ ಮೇಲಲ್ಲ, ನೆಲದ ಮೇಲೆ, ಸ್ಟೂಲಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಅವಳ ಬಲಗಡೆಗೆ.