ನಾಯಿಯ ಕೂದಲು ಓದಿದ ಮೈದುನ

ನಮ್ಮ ಮನೆಯಲ್ಲಿ ಓದು ಸಾಲದೆ ಕೆಟ್ಟವಳು ನಾನು, ಓದು ಜಾಸ್ತಿಯಾಗಿ ಕೆಟ್ಟವನು ನನ್ನ ಮೈದುನ! ದನದ ಡಾಕ್ಟರಾಗಲಿ ಎಂದು ಮಾವನವರು ಓದಿಸಿದರೆ, ಇವನು ಹಸುವನ್ನೂ ಬಿಟ್ಟು ಎಮ್ಮೆಯನ್ನೂ ಬಿಟ್ಟು ನಾಯಿಯ ಕೂದಲಿನ ಬುಡ ಹಿಡಿದು ಕೂತ. ಉದುರಿದ ಕೂದಲನ್ನು ನಾನು ದಿನಾ ಗುಡಿಸುತ್ತೇನೆ. ಅದಕ್ಕೊಂದು ಕಾಲೇಜು ಬೇಕೆ?

ಯಸಳೂರಲ್ಲಿ ಬಸ್ಸಿಳಿದು ಬಂದವನೇ ಕಾಫಿಯನ್ನೂ ಕುಡಿಯದೆ ನಮ್ಮ ಕಾಫಿ ತೋಟದ ಕಣ ಕಾಯುವ ನಾಯಿ ಕೆಂಚನ ಮೈ ತಡಕುತ್ತಿದ್ದ. ಕೂದಲಿಗೆ ಬೆಳೆಯುವ ಕಾಲ, ಮುದುಡುವ ಕಾಲ, ಮಲಗುವ ಕಾಲ ಅಂತ ಇವೆಯಂತೆ. ಬುಡದೊಳಗೆ ಕಿಣ್ವ ಎನ್ನುವುದು ಕೆಲಸ ಮಾಡುತ್ತದಂತೆ, ಒಂದೊಂದು ಕಾಲಕ್ಕೆ ಒಂದೊಂದು ಥರ. ಕೂದಲು ಮಲಗಿದ ಮೇಲೆ ಕೆಲಸ ಎಂಥದ್ದು ಎಂದು ಕೇಳಿದೆ. ಅರ್ಧ ದಿನ ವಿವರಿಸಿದ. ಸಾರು ಸೀದುಹೋಯಿತು, ವಿಷಯ ಮಾತ್ರ ಬೇಯಲಿಲ್ಲ.

ಕೊನೆಗೆ ಕೆಂಚನ ಪಕ್ಕೆಯನ್ನು ಅಂಗೈಯಗಲ ಬೋಳಿಸಿ, ನೋವಾಗದಂತೆ ಸೂಜಿ ಚುಚ್ಚಿ, ಜೋಳದ ಕಾಳಿನಷ್ಟು ಚರ್ಮ ತೆಗೆದುಕೊಂಡ. ಇದು ಮಲಗಿರುವ ಕೂದಲು, ಇದೇ ಜಾಗದಲ್ಲಿ ಚಿಗುರುವಾಗ ಇನ್ನೊಂದು ಚೂರು ಸಿಕ್ಕರೆ ತನ್ನ ಓದು ಮುಗಿದಂತೆ ಎಂದ.

ಚಿಗುರಬೇಕಲ್ಲ! ಗಾಯ ಮಾಯಿತು, ಬೋಳು ಹಾಗೇ ಉಳಿಯಿತು. ತೋಟದ ಆಳುಗಳ ಸಾಲುಮನೆಯ ಲೈನಿನವರು ಕಜ್ಜಿ ಎಂದರು. ತೋಟದ ಲೆಕ್ಕ ಬರೆಯುವ ರೈಟರು ಗಂಧಕ ಕಲಸಿದ ಹೊಂಗೆ ಎಣ್ಣೆ ತಂದರು. ಎಣ್ಣೆ ಬಿದ್ದರೆ ಬುಡದೊಳಗಿನ ಕೆಲಸ ಕೆಡುತ್ತದೆ ಎಂದು ಇವನು ನಾಯಿಗೆ ಅಡ್ಡ ನಿಂತ. ನಮ್ಮ ಯಜಮಾನರಿಗೆ ಸಿಟ್ಟು ಬಂತು.

"ಗೌರಿ ಹಬ್ಬದೊಳ್ಗೆ ಕೂದ್ಲು ಬರ್ಲಿಲ್ಲ ಅಂದ್ರೆ ಜೀಪಿಗೆ ಹಾಕ್ಕಂಡೋಗಿ ಹೆಗ್ಗದ್ದೆ ಕಾಡಲ್ಲಿ ಬುಟ್ಬುಡ್ತೀನಿ ಕಣೋ. ಲೈನ್ ತುಂಬ ಮಕ್ಳವೆ."

ಅಲ್ಲಿಯ ಚಿರತೆಗೆ ನಾಯಿಯ ಕೂದಲೇನೂ ಲೆಕ್ಕವಿಲ್ಲ.

ಬೋಳಾದದ್ದೆಲ್ಲ ರೋಗವಲ್ಲ ಎಂದು ತೋರಿಸಲು ಮೈದುನ ಏನು ಮಾಡಿದ ಅಂತೀರಿ? ತನ್ನ ತಲೆಯನ್ನೂ ಅಂಗೈಯಗಲ ಬೋಳಿಸಿಕೊಂಡ! ಅದೇ ವಾರ ಬೆಳಗೋಡಿನಿಂದ ಹೆಣ್ಣಿನ ಕಡೆಯವರು ಬಂದರು, ನೋಡಿದರು, ಉಪ್ಪಿಟ್ಟು ಮುಗಿಸದೆ ಎದ್ದರು. ಇವನ ತಲೆಯಲ್ಲಿ ಬೇಗನೆ ಕೂದಲು ಬಂತು. ಕೆಂಚನಿಗೆ ಒಂದೆಳೆಯೂ ಇಲ್ಲ.

"ನೋಡಿ ಅಮ್ಮಾ, ರೋಗ ಇಲ್ದಿರೋರ್ಗೆ ಬಂದ್ಬುಡ್ತು" ಎಂದರು ರೈಟರು.

ಮನುಷ್ಯನ ತಲೆಗೂದಲು ಹೆಚ್ಚಿನದು ಬೆಳೆಯುತ್ತಲೇ ಇರುತ್ತದೆ, ನಾಯಿಯದು ಹೆಚ್ಚಿನದು ಮಲಗಿರುತ್ತದೆ ಎಂದು ಇವನು ಒದ್ದಾಡಿದ. ಹಾಗಾದರೆ ತಲೆ ಬೋಳಿಸಿಕೊಂಡದ್ದು ಯಾಕೆ? ನನಗಂತೂ ಇವತ್ತಿಗೂ ತಿಳಿಯದು.

ಹಬ್ಬದ ಹಿಂದಿನ ದಿನ ಕೆಂಚನಿಗೆ ಅನ್ನ ಹಾಕುತ್ತ ಪಕ್ಕೆ ಸವರಿದೆ. ಅಂಗೈಗೆ ಚುಚ್ಚಿತು. ಬಗ್ಗಿ ನೋಡಿದರೆ ಬೋಳಿನ ತುಂಬ ಕೆಂಪಗೆ, ಸಣ್ಣಗೆ ಕೂದಲು ಎದ್ದಿವೆ! ಯಜಮಾನರನ್ನು ಕರೆದು ತೋರಿಸಿದೆ. ಅವರು ಜೀಪನ್ನು ಶೆಡ್ಡಿಗೆ ಹಾಕಿದರು.

ಮೈದುನ ಬ್ಲೇಡು, ಸೂಜಿ ಹಿಡಿದು ಓಡಿಬಂದು ಮಂಡಿಯೂರಿದ. ಇಷ್ಟು ದಿನ ಕಾದದ್ದೇ ಈ ಚಿಗುರಿಗೆ. ಆದರೆ ಕೈ ಮುಂದೆ ಹೋಗಲಿಲ್ಲ.

"ಕುಯ್ಯೋ, ನಾನು ಹಿಡ್ಕತೀನಿ" ಎಂದೆ.

"ಬ್ಯಾಡ ಅತ್ತಿಗೆ. ಮತ್ತೆ ಬೋಳು ಮಾಡುದ್ರೆ ಅಣ್ಣ ಇವನ್ನ ಇಟ್ಕಳಲ್ಲ."

ಓದು ಏನಾಗಬೇಕು ಎಂದು ಕೇಳುವಷ್ಟರಲ್ಲಿ ಅವನು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ. ಆಮೇಲೆ ಆ ಚುಚ್ಚುವ ಕೂದಲನ್ನು ಒಂದೇ ಬೆರಳಲ್ಲಿ, ಅದು ವಾಲುವ ಕಡೆಗೇ, ಮೆಲ್ಲಗೆ ಸವರುತ್ತ ಕೂತ.