ಖಾಯಂ ಗಿರಾಕಿಯ ನಾಲಿಗೆ

ಸುಳ್ಳು ಹೇಳಬೇಕೆಂದು ಗುಮಾಸ್ತರು ಬಾಯಿ ತೆರೆದದ್ದಲ್ಲ, ಆಕಳಿಸಲು ತೆರೆದದ್ದು. ನೀರು ಸರಬರಾಜು ಕಚೇರಿಯ ಊಟದ ಮೇಜಿನಲ್ಲಿ ಹೆಡ್ ಕ್ಲರ್ಕು, ಕ್ಯಾಷಿಯರು ಮತ್ತು ಟೈಪಿಸ್ಟ್ ಅಕ್ಕ ಭಾನುವಾರ ಯಾರು ಎಲ್ಲಿ ಏನು ತಿಂದರೆಂದು ಹೇಳಿಕೊಳ್ಳುತ್ತಿದ್ದರು. ಮೇಜಿನ ತುದಿಯಲ್ಲಿ ಮೀಟರ್ ವಿಭಾಗದ ಗುಮಾಸ್ತರು ಒಣ ಬ್ರೆಡ್ಡನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದರು. ಅವರದು ಹೊಟ್ಟೆಹುಣ್ಣಿನ ದೇಹ. ಖಾರ ಕಂಡರೆ ಮಾರು ದೂರ. ಮನೆಯಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲ, ಕಚೇರಿಯಲ್ಲಿ ಮಾತಾಡಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅವರು ಆಕಳಿಸಿದ್ದನ್ನು ಕಂಡು ಟೈಪಿಸ್ಟ್ ಅಕ್ಕ, "ಏನೋ ಹೇಳೋಕೆ ಹೊರಟ್ರಲ್ಲ, ಹೇಳಿ," ಎಂದಳು. ಮೂರು ಮುಖಗಳು ಒಟ್ಟಿಗೆ ಅವರತ್ತ ತಿರುಗಿದವು. ಎಷ್ಟೋ ವರ್ಷಗಳಿಂದ ಹಾಗೆ ಯಾರೂ ತಿರುಗಿರಲಿಲ್ಲ. ಆ ಮುಖಗಳನ್ನು ಬರಿಗೈಯಲ್ಲಿ ಕಳಿಸಲು ಗುಮಾಸ್ತರಿಗೆ ಮನಸ್ಸಾಗಲಿಲ್ಲ. ಬಸ್ಸು ಕೊನೆಯಾಗುವ ಬಡಾವಣೆಯಲ್ಲಿ ಒಂದು ಸಣ್ಣ ಜಾಗವಿದೆ, ಹೊರಗಿನವರಿಗೆ ಗೊತ್ತೇ ಇಲ್ಲ, ಅಲ್ಲಿಯ ಸೂಪು ಒಮ್ಮೆ ಕುಡಿದರೆ ಬಿಡುವಂತಿಲ್ಲ ಎಂದುಬಿಟ್ಟರು.

ಅಂದಿನಿಂದ ಅವರು ರುಚಿರಾಯರಾದರು. ಪ್ರತಿ ಸೋಮವಾರ ಮೇಜಿನ ನಡುವಿನ ಕುರ್ಚಿ ಅವರಿಗೆ ಮೀಸಲು. ಊರಂಚಿನ ಒಂದೊಂದು ಗಲ್ಲಿಯಲ್ಲೂ ಅವರು ಒಂದೊಂದು ಒಲೆ ಹೊತ್ತಿಸಿದರು. ಒಂದು ಕಡೆ ಗರಾಜಿನ ಹಿಂದೆ ಅಜ್ಜಿಯೊಬ್ಬಳು ಬೇಯಿಸುವ ಮೀನು, ಇನ್ನೊಂದು ಕಡೆ ಮರದಂಗಡಿಯ ಅಟ್ಟದ ಮೇಲೆ ಕೊಡುವ ಹಣ್ಣಿನ ಪಾನಕ. ಆದರೆ ತಾವು ಖಾಯಂ ಗಿರಾಕಿಯೆಂದು ಹೇಳಿಕೊಂಡಿದ್ದ ಮೊದಲ ಸೂಪಿನಂಗಡಿಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಇಷ್ಟೆಲ್ಲ ಹೇಳಿ ಮನೆಗೆ ಹೋಗಿ ಬ್ರೆಡ್ಡು ತಿಂದು ಮಲಗುತ್ತಿದ್ದರು. ಅದು ಸುಖವೇ ಎಂದು ಕೇಳಿದರೆ ಅಲ್ಲ, ಆದರೆ ಸೋಮವಾರಕ್ಕಾಗಿ ಕಾಯುವುದು ಅವರಿಗೆ ಅಭ್ಯಾಸವಾಗಿತ್ತು.

ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಯುವ ಹೊತ್ತಿಗೆ, ಹೆಡ್ ಕ್ಲರ್ಕು ಛತ್ರಿ ಹಿಡಿದು ಮುಂದೆ ನಿಂತರು. "ನಡೀರಿ ರುಚಿರಾಯರೇ, ಇವತ್ತು ನಿಮ್ಮ ಸೂಪು ಕುಡಿದೇ ಮನೆಗೆ ಹೋಗೋದು. ಮನೇಲಿ ಅಡುಗೆ ಬೇಡ ಅಂತ ಹೇಳಿ ಬಂದಿದೀನಿ." ಕ್ಯಾಷಿಯರು ಆಗಲೇ ತಿಜೋರಿಗೆ ಬೀಗ ಹಾಕಿದ್ದರು. ಅಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ, ಬೇಕೆಂದೇ.

ಬಸ್ಸಿನಲ್ಲಿ ರುಚಿರಾಯರು ತಪ್ಪಿಸಿಕೊಳ್ಳುವ ದಾರಿ ಹುಡುಕಿದರು. ಒಂದು ಉಪಾಯವಿತ್ತು. ಕೊನೆಯ ನಿಲ್ದಾಣದ ಹತ್ತಿರ ತುಕ್ಕು ಹಿಡಿದ ಶಟರಿನ ಅಂಗಡಿಯೊಂದನ್ನು ಅವರು ಹಿಂದೊಮ್ಮೆ ನೋಡಿದ್ದರು. ಬಿಸಿಲಿಗೆ ಅದರ ಬೋರ್ಡಿನ ಅಕ್ಷರಗಳೆಲ್ಲ ಹಾರಿಹೋಗಿ, ಹಬೆಯಾಡುವ ದೊಡ್ಡ ಹಂಡೆಯ ಚಿತ್ರವೊಂದೇ ಉಳಿದಿತ್ತು. ಮೊದಲ ಸುಳ್ಳಿಗೆ ಬೀಜ ಸಿಕ್ಕಿದ್ದೂ ಅಲ್ಲೇ. ಅದರ ಮುಂದೆ ನಿಂತು 'ಅಯ್ಯೋ, ಇವತ್ತು ಮುಚ್ಚಿದೆ' ಎಂದು ನಿಟ್ಟುಸಿರು ಬಿಟ್ಟರೆ ಕೆಲಸ ಮುಗಿಯಿತು.

ಮೋಡ ಕವಿದ ಆ ಮಧ್ಯಾಹ್ನ ಅವರು ನಿಟ್ಟುಸಿರನ್ನು ಚೆನ್ನಾಗಿಯೇ ಬಿಟ್ಟರು. ಹೆಡ್ ಕ್ಲರ್ಕರ ಮುಖ ಬಾಡಿತು. ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯವನು, ಗಿರಾಕಿಯ ಅರ್ಧ ಮುಖಕ್ಕೆ ಸೋಪು ಹಚ್ಚಿ ಅಲ್ಲಿಯೇ ಬಿಟ್ಟು, ಹೊರಗೆ ಬಂದ. ಅವನು ಈ ಬೀದಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಆದರೆ ಬೀದಿಯ ಉಸಾಬರಿಯೆಲ್ಲ ಅವನದೇ. ತಾನು ಬಂದಾಗಿನಿಂದ ಈ ಶಟರು ಮೇಲೆದ್ದದ್ದನ್ನೇ ನೋಡಿಲ್ಲ ಎಂದ.

ಮೂವರೂ ರುಚಿರಾಯರನ್ನು ನೋಡಿದರು. ಕಳೆದ ಭಾನುವಾರದ ಸೂಪಿನ ವರ್ಣನೆ ಇನ್ನೂ ಆರಿರಲಿಲ್ಲ.

"ಖಾಯಂ ಗಿರಾಕಿಗಳು ಹಿಂದಿನ ಬಾಗಿಲಿಂದ ಹೋಗೋದು," ಎಂದರು ರುಚಿರಾಯರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಕ್ಷೌರಿಕನಿಗೆ ಅವಮಾನವಾಯಿತು. ತನ್ನ ಪಕ್ಕದ ಗೋಡೆಯಾಚೆ ಸೂಪು ಕುದಿಯುತ್ತಿದ್ದು ತನಗೇ ಗೊತ್ತಿಲ್ಲವೆಂದರೆ ಏನರ್ಥ? ಅವನು ಕತ್ತರಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಓಡಿದ. ಸ್ವಲ್ಪ ಹೊತ್ತಿಗೆ ಶಟರು ಒಳಗಿನಿಂದ ಕಿರುಗುಟ್ಟುತ್ತ ಮೇಲೆದ್ದಿತು. ಹಿತ್ತಲ ಕೋಣೆಯಲ್ಲೇ ವಾಸವಿದ್ದ, ಬನಿಯನ್ನು ತೊಟ್ಟ ಮುದುಕನೊಬ್ಬ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ.

"ಇವರು ನಿಮ್ಮ ಖಾಯಂ ಗಿರಾಕಿಯಂತೆ, ಹೌದಾ ತಾತ?" ಎಂದು ಕ್ಷೌರಿಕ ಪೊಲೀಸಿನವನಂತೆ ಕೇಳಿದ.

ಮುದುಕ ಬಾಗಿಲಲ್ಲಿ ನಿಂತ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದ. ರುಚಿರಾಯರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಅವರ ಕಣ್ಣಿನಲ್ಲಿ ಮುದುಕ ಏನು ಕಂಡನೋ, "ಹೌದು, ಮೂಲೇಲಿ ಕೂತ್ಕೋತಾರೆ," ಎಂದ. "ಬನ್ನಿ, ಒಳಗೆ ಬನ್ನಿ. ಸ್ವಲ್ಪ ತಡ ಆಗುತ್ತೆ."

ಒಳಗೆ ಕಲ್ಲಿನ ಉದ್ದ ಕಟ್ಟೆ, ಎರಡು ಬೆಂಚು, ಒಂದು ಹಂಡೆ ಇದ್ದವು. ನೆತ್ತಿಯ ಮೇಲೆ ಗೋಡೆಯಿಂದ ಗೋಡೆಗೆ ಸಾಲುಸಾಲು ಹಗ್ಗ ಕಟ್ಟಿತ್ತು. ಹಗ್ಗ ಯಾತಕ್ಕೆಂದು ಅಕ್ಕ ಕೇಳಿದಾಗ ರುಚಿರಾಯರು, ಸೊಪ್ಪು ಒಣಗಿಸಲು ಎಂದರು. ನೆಲದ ತುಂಬ ಕಲೆಗಳೇಕೆಂದು ಕ್ಯಾಷಿಯರು ಕೇಳಿದಾಗ, ಎಷ್ಟು ವರ್ಷದ ಸೂಪು ಚೆಲ್ಲಿದೆಯೋ ನೀವೇ ಲೆಕ್ಕ ಹಾಕಿ ಎಂದರು. ಹೆಡ್ ಕ್ಲರ್ಕರು ತಲೆದೂಗಿದರು. ಬೋರ್ಡಿನಲ್ಲಿ ಹೆಸರೇ ಇಲ್ಲದ ಅಂಗಡಿಯ ಗತ್ತೇ ಬೇರೆ ಎಂಬುದು ಅವರ ಅಭಿಪ್ರಾಯ.

ಮುದುಕ ಹಂಡೆಯನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋಗಿ ಉಜ್ಜಿದ, ತಂದ, ಮತ್ತೆ ಹೋಗಿ ಉಜ್ಜಿದ. ಆಲೂಗೆಡ್ಡೆ, ಈರುಳ್ಳಿ, ಹಿಡಿ ತುಂಬ ಮೆಣಸು, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿದ. ಸೌಟಿನ ಬದಲು ಮಾರುದ್ದದ ಕೋಲಿನಿಂದ ತಿರುವಿದ. ಹಸಿದ ಮೂವರೂ ಮೂಗರಳಿಸಿ ಕಾದರು. ಕೊನೆಗೆ ಬಟ್ಟಲುಗಳು ಬಂದಾಗ ಸೂಪಿನ ಬಣ್ಣ ಗಾಢ ನೇರಳೆಯಾಗಿತ್ತು.

"ಈ ಬಣ್ಣ ಎಲ್ಲೂ ಕಂಡಿಲ್ಲ," ಎಂದರು ಹೆಡ್ ಕ್ಲರ್ಕು ಭಕ್ತಿಯಿಂದ.

"ಅದೇ ಗುಟ್ಟು," ಎಂದರು ರುಚಿರಾಯರು.

ಹಸಿವು, ದೂರದ ಪ್ರಯಾಣ, ತಿಂಗಳುಗಟ್ಟಲೆ ಕೇಳಿದ ವರ್ಣನೆ ಇವೆಲ್ಲ ಸೇರಿ ಸೂಪು ಅವರಿಗೆ ಅಮೃತವಾಯಿತು. ಕಣ್ಣಲ್ಲಿ ನೀರು ಸುರಿಸುತ್ತ ಎರಡೆರಡು ಬಟ್ಟಲು ಕುಡಿದರು. ಮೂಲೆಯಲ್ಲಿ ಕೂತ ರುಚಿರಾಯರು ಚಮಚವನ್ನು ತುಟಿಗೆ ಮುಟ್ಟಿಸಿದರಷ್ಟೆ, ಮೆಣಸಿನ ಘಾಟಿಗೇ ಅದನ್ನು ಕೆಳಗಿಟ್ಟರು. ಯಾರೂ ನೋಡದಾಗ ಬಟ್ಟಲನ್ನು ಬೆನ್ನ ಹಿಂದಿನ ಕಿಟಕಿಯಿಂದಾಚೆ ಚೆಲ್ಲಿದರು. ಎರಡನೆಯದನ್ನೂ ಹಾಗೆಯೇ ಮುಗಿಸಿದರು.

ಬಸ್ಸು ಬಂತೆಂದು ಮೂವರೂ ಹೊರಟ ಮೇಲೆ ಅವರು ಒಂದು ಗಳಿಗೆ ಹಿಂದೆ ಉಳಿದರು. "ತಾತ, ನಾನು ಇಲ್ಲಿಗೆ ಯಾವತ್ತೂ ಬಂದವನಲ್ಲ," ಎಂದರು ತಲೆ ತಗ್ಗಿಸಿ.

"ಗೊತ್ತು ಕಣಪ್ಪ. ಇದು ಹೋಟೆಲೇ ಅಲ್ವಲ್ಲ. ಬಟ್ಟೆಗೆ ಬಣ್ಣ ಹಾಕೋ ಅಂಗಡಿ." ಮುದುಕ ಹಂಡೆಯನ್ನು ಸವರಿದ. "ಎಷ್ಟು ಉಜ್ಜಿದರೂ ಬಿಡಲಿಲ್ಲ ನೋಡು. ಹೆದರಬೇಡ, ಹಣ್ಣಿನ ಸಿಪ್ಪೆ ಬಣ್ಣ, ಏನೂ ಆಗಲ್ಲ. ಬಣ್ಣ ಹಾಕಿಸೋರು ನಿಂತುಹೋದ ಮೇಲೆ ಈ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಇವತ್ತು ನಾಲ್ಕು ಜನ ಒಟ್ಟಿಗೆ ಬಂದು ನಿಂತಿದ್ರಿ. ಇಲ್ಲ ಅನ್ನೋಕೆ ಆಗಲಿಲ್ಲ."

ರುಚಿರಾಯರಿಗೆ ಇದೇ ಕಾಯಿಲೆ ತಮಗೂ ಇದೆ ಎಂದು ಹೇಳಬೇಕೆನಿಸಿತು. ಬಸ್ಸು ಹಾರ್ನ್ ಹೊಡೆಯಿತು.

ಭಾನುವಾರವಿಡೀ ಅವರು ಮೂವರ ಹೊಟ್ಟೆಯನ್ನು ನೆನೆದು ನಿದ್ದೆಗೆಟ್ಟರು. ಸೋಮವಾರ ಅಂಜುತ್ತಲೇ ಕಚೇರಿಗೆ ಹೋದರೆ, ಹೆಡ್ ಕ್ಲರ್ಕು ಮೇಜುಗಳ ನಡುವೆ ನಿಂತು ಎಲ್ಲರಿಗೂ ನಾಲಿಗೆ ಚಾಚಿ ತೋರಿಸುತ್ತಿದ್ದರು. ನಾಲಿಗೆ ಅಚ್ಚ ನೇರಳೆ. ಕ್ಯಾಷಿಯರದೂ ಹಾಗೆಯೇ, ಅಕ್ಕನದು ಇನ್ನೂ ಗಾಢ.

"ಎಷ್ಟು ತಿಕ್ಕಿದರೂ ಹೋಗ್ತಿಲ್ಲ," ಎಂದು ಹೆಡ್ ಕ್ಲರ್ಕು ಹೆಮ್ಮೆಯಿಂದ ಹೇಳುತ್ತಿದ್ದರು. "ಅಸಲಿ ಜಾಗದಲ್ಲಿ ಕುಡಿದದ್ದಕ್ಕೆ ಗುರುತು. ಬನ್ನಿ ರುಚಿರಾಯರೇ, ನಿಮ್ಮದೂ ತೋರಿಸಿ. ಇಷ್ಟು ದಿನದ ಗಿರಾಕಿ, ಕಪ್ಪಗೇ ಆಗಿರಬೇಕು."

ರುಚಿರಾಯರು ಬಾಯಿ ತೆರೆಯಲಿಲ್ಲ. ಅಕ್ಕ ಮಗುವಿಗೆ ಹೇಳುವಂತೆ "ಆ ಅನ್ನಿ" ಎಂದಳು. ತೆರೆದ ಬಾಯಿಯಲ್ಲಿ ನಾಲಿಗೆ ನೆನೆದ ಬ್ರೆಡ್ಡಿನಷ್ಟು ಬಿಳುಪಾಗಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಮೆಲ್ಲಗೆ, "ಹಾಗಾದ್ರೆ ಅಲ್ಲಿ ಕೂತು ಏನು ಮಾಡಿದ್ರಿ?" ಎಂದಳಷ್ಟೆ. ಮಧ್ಯಾಹ್ನ ನಡುವಿನ ಕುರ್ಚಿಯಲ್ಲಿ ಹೆಡ್ ಕ್ಲರ್ಕು ಕೂತು ಸೂಪಿನ ವರ್ಣನೆ ಮಾಡಿದರು. ಗುಮಾಸ್ತರು ತುದಿಗೆ ಸರಿದು ಬ್ರೆಡ್ಡು ಅದ್ದಿಕೊಂಡರು.

ಮುಂದಿನ ಭಾನುವಾರ ಅವರು ಒಬ್ಬರೇ ಬಸ್ಸು ಹತ್ತಿದರು. ಹೊಟ್ಟೆ ಸುಟ್ಟರೂ ಸರಿ, ನಾಲಿಗೆ ನೇರಳೆಯಾಗಬೇಕು. ಅಂಗಡಿಯ ಮುಂದೆ ಜನ ಸಾಲು ನಿಂತಿದ್ದರು. ಅರ್ಧ ಕಚೇರಿಯೇ ಅಲ್ಲಿತ್ತು. ಕ್ಷೌರಿಕ ತನ್ನ ಕುರ್ಚಿಗಳನ್ನೂ ಹೊರಗೆ ಹಾಕಿ, ಯಾರು ಒಳಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದ. ಹಿಂದಿನ ಬಾಗಿಲಿಗೂ ಸಾಲು ಇದೆ ಎಂದ. ಮೂಲೆಯ ಜಾಗದಲ್ಲಿ ಹೆಡ್ ಕ್ಲರ್ಕು ಕೂತಿದ್ದರು.

ಬಹಳ ಹೊತ್ತಿನ ಮೇಲೆ ಮುದುಕನೇ ಒಂದು ಬಟ್ಟಲು ತಂದುಕೊಟ್ಟ. ಅವನು ಹತ್ತು ವರ್ಷ ಚಿಕ್ಕವನಾದಂತೆ ಕಂಡ. ಗುಮಾಸ್ತರು ಮೂಗು ಮುಚ್ಚಿಕೊಂಡು ತಳದವರೆಗೂ ಕುಡಿದರು. ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಗೋಡೆ ಹಿಡಿದುಕೊಂಡು ಕ್ಷೌರದಂಗಡಿಗೆ ಹೋಗಿ, ಕನ್ನಡಿಯ ಮುಂದೆ ನಾಲಿಗೆ ಚಾಚಿದರು. ಬೆಳ್ಳಗೆ ಇತ್ತು.

ಹಿಂದೆಯೇ ಬಂದ ಮುದುಕ ಸಂಭ್ರಮದಿಂದ ಅವರ ಬೆನ್ನು ತಟ್ಟಿದ. "ಇವತ್ತು ಹೆದರೋದೇನೂ ಇಲ್ಲ ಕಣಪ್ಪ. ಬಣ್ಣದ ಹಳೇ ಹಂಡೆ ಎಸೆದುಬಿಟ್ಟೆ. ನಿನ್ನ ಗೆಳೆಯರೇ ಸೇರಿ ಇವತ್ತು ಬೆಳಿಗ್ಗೆ ಹೊಸದು ತಂದುಕೊಟ್ರು."