ಬೆಳಿಗ್ಗೆ ಕಾಫಿ ಕುಡಿದಿರಾ?

ತಮ್ಮ ನೆನಪಿನ ಶಕ್ತಿಯ ಬಗ್ಗೆ ಜಂಬ ಕೊಚ್ಚಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಅರವತ್ತು ದಾಟುವವರೆಗೆ ನಾನೂ ಅದನ್ನೇ ಮಾಡುತ್ತಿದ್ದೆ. ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವಾಗ ಯಾರು ಏನು ಹೇಳಿದರೂ "ಆಧಾರ ಎಂತ ಉಂಟು?" ಎಂದು ಕೇಳುತ್ತಿದ್ದವನು, ಈಗ ನನ್ನ ತಲೆಯನ್ನೇ ಹಾಗೆ ಕೇಳುತ್ತಿರುತ್ತೇನೆ. ಕಾಪುವಿನಲ್ಲಿರುವ ನನ್ನ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು, ಒಂದು ದಿನ ನನ್ನ ಮುಖ ನೋಡಿ "ನಿಮಗೆ ಯಾವ ಊರಾಯಿತು?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು. ಅಂದಿನಿಂದ ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ ಎದೆ ಧಸಕ್ಕೆನ್ನುತ್ತದೆ. ಮುಂದಿನ ಸರದಿ ನನ್ನದೇ?

ಹಾಗಾಗಿ, ವಯಸ್ಸಾದವರ ಮಿದುಳಿನಲ್ಲಿ ರಕ್ತ ಎಷ್ಟು ಹರಿಯುತ್ತದೆಂದು ಮಣಿಪಾಲದಲ್ಲಿ ಎಂಆರ್‌ಐ ಯಂತ್ರದಿಂದ ಅಳೆಯುತ್ತಾರೆ ಎಂದು ಗೊತ್ತಾದಾಗ ನಾನಾಗಿಯೇ ಹೆಸರು ಕೊಟ್ಟೆ. ಷರತ್ತು ಎರಡೇ: ಒಳಗೆ ಅಲುಗಾಡಬಾರದು, ಬೆಳಿಗ್ಗೆ ಕಾಫಿ ಕುಡಿಯಬಾರದು. ಕಾಫಿಯಿಂದ ರಕ್ತದ ಹರಿವು ಇಳಿದು ಅಳತೆ ತಪ್ಪುತ್ತದಂತೆ. ಕೂತಲ್ಲಿ ಕೂರದ ನನಗೆ ಮೊದಲನೆಯದೇ ಕಷ್ಟ ಎಂದುಕೊಂಡಿದ್ದೆ.

"ಬೆಳಿಗ್ಗೆ ಕಾಫಿ ಕುಡಿದಿರಾ, ಸರ್?" ಸಂಶೋಧನೆಯ ಹುಡುಗಿ ಕೇಳಿದಳು.

"ಇಲ್ಲ" ಎಂದೆ, ಬಾಯಿಪಾಠ ಒಪ್ಪಿಸುವ ಹಾಗೆ. ಪಕ್ಕದಲ್ಲಿದ್ದ ಹೆಂಡತಿ ಶಾರದೆ ನನ್ನ ಕನ್ನಡಕ, ವಾಚು ತೆಗೆದು ಚೀಲಕ್ಕೆ ಹಾಕಿಕೊಂಡಳು.

ಯಂತ್ರದೊಳಗೆ ಯಾರೋ ತಗಡು ಬಡಿದಂಥ ಸದ್ದು. ಅದರ ನಡುವೆ, ಬೆಳಿಗ್ಗೆ ಕೈಯಲ್ಲಿ ಬಿಸಿ ಲೋಟ ಹಿಡಿದಿದ್ದದ್ದು ಸ್ಪಷ್ಟವಾಗಿ ನೆನಪಾಯಿತು. ಲೋಟದಲ್ಲಿ ಇದ್ದದ್ದು ಎಂತ? ಅದು ಮಾತ್ರ ನೆನಪಿಲ್ಲ. ಕಣ್ಣಲ್ಲಿ ನೋಡದ ಅಳತೆಯನ್ನು ಬರೆದರೆಂದು ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಯಿಂದ ಹೊರಗೆ ಹಾಕಿದವನು ನಾನು. ಬಾಯಿ ಬಿಟ್ಟರೆ ಅಕ್ಕನ ದಾರಿ ಹಿಡಿದದ್ದು ಖಚಿತ. ಬಿಡದಿದ್ದರೆ ಆ ಹುಡುಗಿಯ ಲೆಕ್ಕವೆಲ್ಲ ಸುಳ್ಳು. ಕೊನೆಗೆ, ತೊಂದರೆಯಾದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡನ್ನು ಒತ್ತಿದೆ.

"ಕುಡಿದೆನೋ ಇಲ್ಲವೋ ನನಗೆ ನೆನಪಿಲ್ಲ, ಮಗಳೇ" ಎಂದೆ, ನನ್ನನ್ನು ಹೊರಗೆಳೆದ ಮೇಲೆ.

ಅವಳು ಶಾರದೆಯನ್ನು ಬಾಗಿಲಿಗೆ ಕರೆದು ವಿಚಾರಿಸಿದಳು.

"ಕಾಫಿಯಾ? ನಾನು ಕೊಟ್ಟದ್ದು ಜೀರಿಗೆ ಕಷಾಯ. ಬಸ್ಸು ತಪ್ಪುತ್ತದೆಂದು ನಿಂತುಕೊಂಡೇ ಗಟಗಟ ಕುಡಿದರು, ನಾಲಿಗೆಗೆ ಗೊತ್ತಾದರೆ ತಾನೇ! ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವರು 'ನೆನಪಿಲ್ಲ' ಅಂತ ಒಪ್ಪಿಕೊಂಡದ್ದು ಇದೇ ಮೊದಲು. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ ಮಾರಾಯ್ತಿ."

ಹುಡುಗಿ ನಕ್ಕಳು, ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮತ್ತೆ ಮಲಗಿದೆ. ಮೂವತ್ತೆಂಟಲ್ಲ, ಮೂವತ್ತೇಳು ಎಂದು ತಿದ್ದುವ ಮಾತು ಬಾಯಿಯವರೆಗೆ ಬಂದಿತ್ತು, ಖಾತ್ರಿಯಿರಲಿಲ್ಲ. ಲೆಕ್ಕ ಹಾಕುತ್ತಲೇ ಯಂತ್ರದೊಳಗೆ ಹೋದೆ. ಹೊರಗೆ ಬಂದಾಗಲೂ ಲೆಕ್ಕ ಮುಗಿದಿರಲಿಲ್ಲ. ಶಾರದೆಯನ್ನು ಕೇಳಬಹುದಿತ್ತು. ಆದರೆ ಒಂದೇ ದಿನ ಎರಡು ಸಲ "ನೆನಪಿಲ್ಲ" ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.